ಉಮರಬ್ಬರ ಅಕ್ಷರದ ತೂತುಗಳು

ಬಂದರಿನ ಉಮರಬ್ಬರು ಪ್ರೆಸ್ಸು ಮುಚ್ಚಿ ಹಲವು ವರ್ಷಗಳಾಗಿದ್ದವು. ಮುದ್ರಕರ ಗತ್ತನ್ನು ಮಾತ್ರ ಮುಚ್ಚಿರಲಿಲ್ಲ. ಮನೆಗೆ ಮದುವೆಯ ಕಾಗದ ಬಂದರೆ, ಮದುವೆ ಯಾರದೆಂದು ನೋಡುವ ಮೊದಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಎಂತ ಪ್ರಿಂಟಿಂಗ್ ಮಾರಾಯ ಇದು! ಶಾಯಿಗೆ ನೀರು ಹಾಕಿದ್ದಾನೆ" ಎಂದು ತೀರ್ಪು ಕೊಡುತ್ತಿದ್ದರು.

"ನಾವು ಊಟಕ್ಕೆ ಹೋಗುವುದೋ, ಶಾಯಿ ಕುಡಿಯಲಿಕ್ಕೆ ಹೋಗುವುದೋ?" ಎಂದು ಹೆಂಡತಿ ಆಸ್ಯಮ್ಮ ಕಾಗದ ಕಿತ್ತುಕೊಳ್ಳಬೇಕಾಗುತ್ತಿತ್ತು.

ಗತ್ತಿಗೆ ಆಧಾರವೂ ಇತ್ತೆನ್ನಿ. ಫ್ಲೆಕ್ಸು ಬರುವ ಮುಂಚೆ ಊರಿನ ಗೋಡೆಗಳ ಮೇಲಿನ ದೊಡ್ಡ ಅಕ್ಷರಗಳೆಲ್ಲ ಅವರ ಪ್ರೆಸ್ಸಿನಿಂದಲೇ ಹೊರಡುತ್ತಿದ್ದವು. ಹಲಸಿನ ಮರದಲ್ಲಿ ತಿರುಗುಮುರುಗಾಗಿ ಕೆತ್ತಿದ, ಅಂಗೈಯಗಲದ ಅಚ್ಚಿನ ಮೊಳೆಗಳು. ಶಾಯಿ ಹಚ್ಚಿ ಹಾಳೆಗೆ ಒತ್ತಿದರೆ ರಸ್ತೆಯ ಆಚೆ ಬದಿಗೂ ಓದಲು ಸಿಗುವಂಥವು. ಕರಾವಳಿಯ ಹುಳಗಳಿಗೆ ಅಕ್ಷರಪ್ರೇಮ ಸ್ವಲ್ಪ ಹೆಚ್ಚು. ಅವು ಆ ಮೊಳೆಗಳಲ್ಲಿ ಸಣ್ಣ ಸಣ್ಣ ತೂತು ಕೊರೆದಿದ್ದವು. ಉಮರಬ್ಬರು ಪ್ರತಿ ಕೆಲಸಕ್ಕೂ ಮುಂಚೆ ತೂತುಗಳಿಗೆ ಮೇಣ ತುಂಬಿ, ಹೆಬ್ಬೆರಳಿನಿಂದ ತಿಕ್ಕಿ ಸಮ ಮಾಡಿ, ಮೊದಲ ಹಾಳೆಯನ್ನು ಸ್ವತಃ ಒತ್ತಿ ತೆಗೆಯುತ್ತಿದ್ದರು. "ಒಂದು ತೂತು ತೋರಿಸು ನೋಡುವ!" ಎಂದು ಮಷೀನು ಓಡಿಸುವ ಮಮ್ಮುವಿಗೆ ಸವಾಲು ಹಾಕಿ, ಉಳಿದ ಹಾಳೆಗಳನ್ನು ಅವನಿಗೆ ಬಿಟ್ಟು ಚಹಾಕ್ಕೆ ಹೋಗುತ್ತಿದ್ದರು. ಉಮರಬ್ಬನ ಅಚ್ಚಿನಲ್ಲಿ ಹುಳುಕಿಲ್ಲ ಎಂಬುದು ಅವರು ಜೀವಮಾನವಿಡೀ ಸಂಪಾದಿಸಿದ ಆಸ್ತಿ.

ಡಿಸೈನ್ ಕಲಿತ ಮೊಮ್ಮಗಳು ಮರ್ವಾ ಈ ವರ್ಷ ಆ ಮೊಳೆಗಳನ್ನು ಅಟ್ಟದಿಂದ ಇಳಿಸಿದಳು. ಒಂದೊಂದಕ್ಕೂ ಶಾಯಿ ಹಚ್ಚಿ, ಹಾಳೆಗೊತ್ತಿ, ಸ್ಕ್ಯಾನ್ ಮಾಡಿ, ಕಂಪ್ಯೂಟರಿನ ಫಾಂಟ್ ಮಾಡಿ, ಅದಕ್ಕೆ 'ಉಮರಬ್ಬ' ಎಂದು ಹೆಸರಿಟ್ಟಳು. ಅದರ ಸ್ಯಾಂಪಲನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಳು.

"ಪುಕ್ಕಟೆಯಾ?" ಉಮರಬ್ಬರು ಬೆಚ್ಚಿದರು.

"ಅಕ್ಷರ ಮಾತ್ರ ಪುಕ್ಕಟೆ ಉಪ್ಪಪ್ಪ. ಅಂಕಿ ಬೇಕಾದ್ರೆ ದುಡ್ಡು ಕೊಟ್ಟು ಪೂರ್ತಿ ಫಾಂಟ್ ತಗೊಳ್ಬೇಕು."

ಬಂದರಿನ ವ್ಯಾಪಾರ ಬಲ್ಲ ಉಮರಬ್ಬರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. "ಓ! ಖರ್ಜೂರದ ಅಂಗಡಿಯಲ್ಲಿ ಒಂದು ಬಾಯಿಗೆ ಹಾಕ್ಲಿಕ್ಕೆ ಕೊಡ್ತಾರಲ್ಲ, ಹಾಗೆ. ಅಂಕಿ ಇಲ್ಲದೆ ಬಿರಿಯಾನಿಯ ರೇಟು ಹೇಗೆ ಹಾಕ್ತಾರೆ? ಬಂದೇ ಬರ್ತಾರೆ." ಮೊಬೈಲಿನ ಸಣ್ಣ ಪರದೆಯಲ್ಲಿ ಅವರು ಓದಿದ್ದು ತಮ್ಮ ಹೆಸರನ್ನು ಮಾತ್ರ. ಚಹಾದ ಹೋಟೆಲಿನಲ್ಲಿ ಅಂದೇ ಘೋಷಣೆಯಾಯಿತು: "ನಿಮ್ಮ ಹೆಸರೆಲ್ಲ ರೇಷನ್ ಕಾರ್ಡಿನಲ್ಲಿ ಉಂಟು. ನನ್ನದು ಕಂಪ್ಯೂಟರಿನಲ್ಲಿ ಉಂಟು."

ಒಂದು ದಿನ ಬಸ್ಸು ಪಂಪ್‌ವೆಲ್‌ನಲ್ಲಿ ನಿಂತಾಗ ಬೆಡ್‌ಶೀಟ್ ಮಾರಾಟದ ಬ್ಯಾನರೊಂದು ಕಣ್ಣಿಗೆ ಬಿತ್ತು. ಅವರದೇ 'ಬ', ಹೊಟ್ಟೆ ತುಂಬ ತೂತು. ಮರ್ವಾ ಮೇಣ ತುಂಬದೆಯೇ ಒತ್ತಿದ್ದಳು! ಉಮರಬ್ಬರು ಬಸ್ಸಿಳಿದು, ಬ್ಯಾನರಿನ ಮೂಲೆಯಲ್ಲಿ ಅದನ್ನು ಅಚ್ಚು ಹಾಕಿದವರ ಹೆಸರು ಓದಿ, ಅಲ್ಲೇ ಪಕ್ಕದಲ್ಲಿದ್ದ ಲತೇಶನ ಫ್ಲೆಕ್ಸ್ ಅಂಗಡಿಗೆ ನುಗ್ಗಿದರು.

"ಯಾವ ಅಕ್ಷರ ಅದು?"

"ಉಮರಬ್ಬ. ಫ್ರೀ ಉಂಟು ಅಜ್ಜ, ಈಗ ಎಲ್ಲರಿಗೂ ಅದೇ ಬೇಕು."

"ನಾನೇ ಉಮರಬ್ಬ."

ಲತೇಶ ಅವರನ್ನು ಮೇಲಿಂದ ಕೆಳಗೆ ನೋಡಿದ. "ಅದು ಫಾಂಟಿನ ಹೆಸರಲ್ವಾ?"

"ಮೊದಲು ಮನುಷ್ಯ. ಆಮೇಲೆ ಫಾಂಟು. ತೂತು ಮುಚ್ಚು."

ಪರದೆಯ ಮೇಲೆ ಆಗ ಇದ್ದದ್ದು ವಿಲ್ಲಿಯ ಸ್ಟೇಷನರಿ ಅಂಗಡಿಯ ಹೊಸ ಬ್ಯಾನರು. ಊರವರು 'ಪೊರ್ಬುಲು' ಎಂದು ಕರೆಯುವ ವಿಲ್ಲಿ ಒಂದು ಕಾಲದಲ್ಲಿ ಪಕ್ಕದ ಗಲ್ಲಿಯಲ್ಲೇ ಪ್ರೆಸ್ಸು ಇಟ್ಟು ಉಮರಬ್ಬರೊಡನೆ ಪೈಪೋಟಿ ನಡೆಸಿದವರು. ಪ್ರತಿಸ್ಪರ್ಧಿಯ ಬೋರ್ಡಿನಲ್ಲಿ ತಮ್ಮ ಹುಳುಕೇ! ಉಮರಬ್ಬರು ಲತೇಶನ ಹೆಗಲ ಮೇಲೆ ಗಡ್ಡವಿಟ್ಟು ನಿಂತು, ಒಂದೊಂದೇ ತೂತನ್ನು ಮುಚ್ಚಿಸಿ ಮನೆಗೆ ಬಂದರು.

"ನನ್ನ ಹೆಸರಿಟ್ಟು ನನ್ನ ಮಾನಕ್ಕೇ ತೂತು ಹೊಡೆದಿಯಲ್ಲ! ತೆಗೆ ಆ ಹೆಸರು."

"ತೂತೇ ಚಂದ ಉಪ್ಪಪ್ಪ. ಅದಕ್ಕೇ ಎಲ್ಲರೂ..."

"ತೆಗೆ ಅಂದೆ."

ಮರ್ವಾಳ ಮುಖ ಇಳಿಯಿತು. ಅವಳು ಅದನ್ನು ಮಾಡಿದ್ದೇ ಆ ಹೆಸರಿಗಾಗಿ. "ಆಯ್ತು, ಪ್ರಿಂಟ್ ಆದ ಬ್ಯಾನರು ನನ್ನ ಕೈಯಲ್ಲಿಲ್ಲ. ಸೈಟಿನಲ್ಲಿ ನಾಳೆ ಬದಲಿಸ್ತೇನೆ" ಎಂದಳು.

ಮರುದಿನ ಅವಳು ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ವಿಲ್ಲಿ ಕಂಕುಳಲ್ಲಿ ಎರಡು ಸುರುಳಿ ಹಿಡಿದು ಬಂದು, ಹೊಸ ಬ್ಯಾನರಿನ ಸುರುಳಿ ಬಿಡಿಸಿದರು. "ಉಮರಾಕ, ನನ್ನ ಬ್ಯಾನರಿನ ತೂತು ಮುಚ್ಚಿಸಿದ್ದು ನೀವಾ?"

"ಹೌದು ಪೊರ್ಬುಲೇ. ಥ್ಯಾಂಕ್ಸ್ ಹೇಳ್ಲಿಕ್ಕೆ ಇಷ್ಟು ದೂರ ಬರಬೇಕಾಗಿರಲಿಲ್ಲ."

"ಎಂತ ಥ್ಯಾಂಕ್ಸ್! ತೂತಿಲ್ಲದಿದ್ರೆ ಅದು ಉಮರಬ್ಬನ ಅಕ್ಷರ ಅಂತ ಬಂದರಿನಲ್ಲಿ ಯಾರಿಗೆ ಗೊತ್ತಾಗ್ತದೆ?"

"ನನ್ನ ಅಚ್ಚಿನಲ್ಲಿ ತೂತಾ?"

ವಿಲ್ಲಿ ಎರಡನೆಯ ಸುರುಳಿ ಬಿಡಿಸಿದರು. ತಮ್ಮ ಅಂಗಡಿಯ ಕಪಾಟಿನ ಬೆನ್ನಿಗೆ ಅಂಟಿಸಿದ್ದನ್ನು ಬಿಡಿಸಿ ತಂದ, ಹಳೆಯ ಸರ್ಕಸ್ಸಿನ ಪೋಸ್ಟರು. ಆನೆಯ ಮೇಲೆ ಅಕ್ಷರ, ಅಕ್ಷರದ ಮೇಲೆ ತೂತು. ಕೆಳಮೂಲೆಯಲ್ಲಿ ಹುಳ ಮುಟ್ಟದ ಸೀಸದ ಸಣ್ಣ ಅಕ್ಷರದಲ್ಲಿ ಉಮರಬ್ಬರ ಪ್ರೆಸ್ಸಿನ ಹೆಸರು, ಸ್ವಚ್ಛವಾಗಿ. ಗೋಡೆಯ ಮೇಲೆ ಪೋಸ್ಟರು ಕಂಡಾಗಲೆಲ್ಲ ಉಮರಬ್ಬರ ಕಣ್ಣು ನೆಟ್ಟಗೆ ಹೋಗುತ್ತಿದ್ದದ್ದು ಆ ಮೂಲೆಗೆ ಮಾತ್ರ.

"ರೋಲರು ನಾಲ್ಕು ಸಲ ಓಡಿದ್ರೆ ಮೇಣ ಶಾಯಿಗೆ ಅಂಟಿ ಹೋಗ್ತದೆ ಮಾರಾಯ್ರೆ. ಇಡೀ ಊರಿಗೆ ಗೊತ್ತುಂಟು" ಎಂದರು ವಿಲ್ಲಿ.

ಉಮರಬ್ಬರು ಹೆಂಡತಿಯ ಕಡೆ ತಿರುಗಿದರು. "ನಿನಗೂ ಗೊತ್ತಿತ್ತಾ?"

"ಮಮ್ಮು ಹೇಳ್ಲಿಕ್ಕೆ ಬಂದಾಗೆಲ್ಲ ನೀವು ಚಹಾಕ್ಕೆ ಹೋಗಿದ್ರಿ."

"ನೀನಾದ್ರೂ ಹೇಳಬಹುದಿತ್ತು!"

"ಎಂತಕ್ಕೆ? ನನಗೆ ಓದ್ಲಿಕ್ಕೆ ಬರ್ತದಾ?" ಆಸ್ಯಮ್ಮ ಪೋಸ್ಟರಿನ ಮಡಿಕೆಯನ್ನು ಅಂಗೈಯಿಂದ ಸವರಿದರು. "ಪೇಟೆಗೆ ಹೋದ್ರೆ ಗೋಡೆ ನೋಡಿ, ಇದು ನಮ್ಮವರದ್ದು ಅಂತ ನಾನು ಗುರ್ತ ಹಿಡಿಯುತ್ತಿದ್ದದ್ದೇ ಆ ತೂತಿನಿಂದ."

ಉಮರಬ್ಬರು ಕನ್ನಡಕ ಹಾಕಿಕೊಂಡರು. ಪೋಸ್ಟರನ್ನು ಅಭ್ಯಾಸದಂತೆ ಬೆಳಕಿಗೆ ಹಿಡಿದರು. ಕಾಗದದ ಹಿಂದೆ ಅವರ ಮುಖ ಬಹಳ ಹೊತ್ತು ಕಾಣಿಸಲಿಲ್ಲ. ಆಮೇಲೆ ಅದನ್ನು ಲ್ಯಾಪ್‌ಟಾಪಿನ ಪಕ್ಕ ಹರಡಿ, "ಪರದೆಯಲ್ಲಿ ಆ 'ನ' ತೋರಿಸು" ಎಂದರು.

ಮರ್ವಾ ತೋರಿಸಿದಳು.

"ಇಲ್ಲಿ ಪೋಸ್ಟರಿನಲ್ಲಿ ಬಾಲದಲ್ಲಿ ಇನ್ನೊಂದು ತೂತು ಉಂಟು. ನೀನು ಬಿಟ್ಟಿದ್ದಿ."

"ಮೊಳೆಯ ಆ ತೂತಿನಲ್ಲಿ ನೀವು ಕೊನೆಯ ಸಲ ತುಂಬಿದ ಮೇಣ ಇನ್ನೂ ಇತ್ತು ಉಪ್ಪಪ್ಪ. ಮುಚ್ಚಿಯೇ ಬಂತು."

ಉಮರಬ್ಬರ ಬೆನ್ನು ನೆಟ್ಟಗಾಯಿತು. "ಕೇಳಿದಿರಾ ಪೊರ್ಬುಲೇ? ಒಂದಾದ್ರೂ ನಿಂತಿದೆ!"

"ಹೆಸರು ಏನು ಮಾಡ್ಲಿ?" ಮರ್ವಾ ಕೇಳಿದಳು.

"ಹೆಸರು ಇರಲಿ. ಮೊದಲು ಆ ತೂತನ್ನೂ ಹಾಕಿ ಸರಿ ಮಾಡು."

ಮಧ್ಯಾಹ್ನ ಇಬ್ಬರೂ ಹಳೆಯ ಮುದ್ರಕರು ಪಂಪ್‌ವೆಲ್‌ನ ಬಸ್ಸು ಹತ್ತಿದರು, ಲತೇಶನಿಂದ ಮುಚ್ಚಿಸಿದ್ದನ್ನು ಅವನಿಂದಲೇ ತೆರೆಸಲಿಕ್ಕೆ. ಕಂಡಕ್ಟರ್ ಕೈ ಚಾಚಿದ. ಉಮರಬ್ಬರು ಕಿಟಕಿಯ ಹೊರಗೆ ನೋಡತೊಡಗಿದರು.

"ಬ್ಯಾನರು ನಿಮ್ಮದು, ಟಿಕೆಟು ನೀವು ತೆಗೀರಿ" ಎಂದರು.

"ತೂತು ಯಾರದ್ದು?" ಎಂದರು ವಿಲ್ಲಿ.

ಉಮರಬ್ಬರು ಕಿಸೆಗೆ ಕೈ ಹಾಕಿದರು. "ಎರಡು ಪಂಪ್‌ವೆಲ್" ಎಂದರು, ಇಡೀ ಬಸ್ಸಿಗೆ ಕೇಳುವಂತೆ.