ಸಿಂಹಳದ ಮೇಲೆ ಬಿದ್ದ ಗೆರೆ

ಭೂಗೋಳದ ಮಾಸ್ತರನಾಗಿ ನಾನು ನಾಗಪುರಕ್ಕೆ ಬಂದಾಗ ನನ್ನೂರು ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ನಾಗಪುರ ಬೇರೊಂದು ರಾಜ್ಯದ ರಾಜಧಾನಿಯಾಗಿತ್ತು. ಸ್ವಲ್ಪ ದಿನಕ್ಕೆ ರಾಜ್ಯಗಳ ಪುನರ್ವಿಂಗಡಣೆಯಾಗಿ ಧಾರವಾಡ ಮೈಸೂರಿಗೆ ಹೋಯಿತು. ನಾಗಪುರ ರಾಜಧಾನಿಯ ಪಟ್ಟ ಕಳೆದುಕೊಂಡು ನನ್ನ ಬೆನ್ನು ಹತ್ತಿದಂತೆ ಮುಂಬಯಿಗೆ ಸೇರಿತು. ಹೀಗೆ, ಬಿಟ್ಟುಬಂದ ರಾಜ್ಯಕ್ಕೇ ಹೊಸ್ತಿಲು ದಾಟದೆ ಮರಳಿದ ಮನುಷ್ಯ ನಾನು. ಗಡಿಗಳ ಬಗ್ಗೆ ನಾಲ್ಕು ಮಾತಾಡುವ ಅಧಿಕಾರ ನನಗೆ ಇದರಿಂದ ಪ್ರಾಪ್ತವಾಗಿದೆ ಎಂದು ನಂಬಿದ್ದೇನೆ.

ನೌಕರಿ ಹಂಗಾಮಿಯದು. ಪ್ರತಿ ಏಪ್ರಿಲಿನಲ್ಲಿ ಬಿಡುಗಡೆಯ ಪತ್ರ, ಜೂನಿನಲ್ಲಿ ಮತ್ತೆ ನೇಮಕ. ಮೂರು ವರ್ಷದಿಂದ ಬೇಸಿಗೆಗೊಮ್ಮೆ ಸತ್ತು ಮಳೆಗಾಲಕ್ಕೆ ಹುಟ್ಟುತ್ತಿದ್ದೆ. ಆ ಚಳಿಗಾಲದಲ್ಲಿ ಬರಲಿದ್ದ ಇನ್ಸ್‌ಪೆಕ್ಟರ್ ಸಾಹೇಬರು ಒಂದು ಒಳ್ಳೆಯ ಮಾತು ಬರೆದರೆ ಈ ಜನನ ಮರಣಗಳ ಚಕ್ರ ತಪ್ಪುತ್ತಿತ್ತು.

ಆಗಲೇ ಚೀನದೊಂದಿಗಿನ ಗಡಿಯ ತಕರಾರು ಪತ್ರಿಕೆಗಳ ಮೊದಲ ಪುಟಕ್ಕೆ ಬಂದಿತ್ತು. ನಮ್ಮ ಶಾಲೆಯ ನಕಾಶೆಯೋ ಇಂಗ್ರೇಜರ ಕಾಲದ್ದು. ಬಟ್ಟೆಗೆ ಅಂಟಿಸಿ ವಾರ್ನಿಶ್ ಹೊಡೆದದ್ದು. ಲಡಾಖಿನ ಮೂಲೆಯಲ್ಲಿ ಅದಕ್ಕೆ ಗೆರೆಯೇ ಇರಲಿಲ್ಲ. ಬಣ್ಣ ತೆಳ್ಳಗಾಗುತ್ತ ಹೋಗಿ, ಗಡಿ ಇನ್ನೂ ಗೊತ್ತಾಗಿಲ್ಲ ಎಂಬ ಅರ್ಥದ ಸಣ್ಣ ಅಕ್ಷರಗಳಲ್ಲಿ ಮುಗಿಯುತ್ತಿತ್ತು. ಸರಕಾರದ ಹೊಸ ನಕಾಶೆಗಳಲ್ಲಿ ಅಲ್ಲಿ ದಪ್ಪ ಗೆರೆ ಬಂದಿತ್ತು.

ಶುಕ್ರವಾರ ಹೆಡ್‌ಮಾಸ್ತರರು ಕರೆಸಿದರು. ಕರಿ ಟೊಪ್ಪಿಗೆ, ಗುಂಡಿ ಹಾಕಿದ ಕೋಟು. ಕುಳಿತಲ್ಲೇ ಧ್ವಜವಂದನೆ ಮಾಡುವವರ ಹಾಗೆ ಇರುತ್ತಿದ್ದರು.

"ಮಾಸ್ತರ್, ಸಾಹೇಬರು ಸೋಮವಾರ ಬರ್ತಾರೆ. ದೇಶದ ನೆತ್ತಿ ಹೀಗೆ ಬಿಚ್ಚಿ ಬಿದ್ದಿರಬಾರದು. ಒಂದು ಗೆರೆ ಎಳೀರಿ."

"ಎಳೀತೀನಿ ಸರ್. ಆದರೆ ಮೊದಲು ಯಾಕೆ ಇರಲಿಲ್ಲ ಅನ್ನೋದನ್ನೂ ಕ್ಲಾಸಿನಲ್ಲಿ ಹೇಳ್ತೀನಿ."

"ಗೆರೆ ಸಾಕು."

ನನ್ನ ತಂದೆ ಊರ ಕುಲಕರ್ಣಿಯಾಗಿದ್ದರು. ಹೊಲದ ಬಾಂದು ಗೊತ್ತುಮಾಡುವಾಗ ಎರಡೂ ಕಡೆಯ ಒಕ್ಕಲುಗಳು ಜೊತೆಗೂಡಿ ಬದುವಿನ ಮೇಲೆ ನಡೆಯಬೇಕು. ಹಾಗೆ ನಡೆಯದೆ ತಂದೆ ಗಡಿಕಲ್ಲು ಹುಗಿಸುತ್ತಿರಲಿಲ್ಲ. "ಇಬ್ಬರು ನಡೆದರ ಬಾಂದು, ಒಬ್ಬನೇ ನಡೆದರ ಅಡ್ಡಾಟ" ಎನ್ನುತ್ತಿದ್ದರು. ಹೆಂಡತಿಗೆ ಇದನ್ನು ನೆನಪಿಸಿದೆ.

"ಮಾವನವರ ನೌಕರಿ ಪಕ್ಕಾ ಇತ್ತು, ಅದಕ್ಕ ಅಂತಿದ್ರು" ಎಂದಳು ಅವಳು. "ನೀವು ಸೋಮವಾರ ಒಂದಿನಾ ಬಾಯಿ ಮುಚ್ಚಿಕೊಂಡು ಇರ್ರಿ. ಚೀನಾದವರು ಒಂದಿನಾ ತಡೀತಾರ."

ಶನಿವಾರ ಮಧ್ಯಾಹ್ನ ಗೆರೆ ಎಳೆದೆ. ವಾರ್ನಿಶ್ ಮೇಲೆ ಶಾಯಿ ನಿಲ್ಲದೆ ಹನಿಹನಿಯಾಗಿ ಓಡಿತು. ಕೊನೆಗೆ ಬಾಗಿಲಿಗೆ ಬಳಿದು ಉಳಿದಿದ್ದ ಕೆಂಪು ಎಣ್ಣೆಬಣ್ಣ ತಂದು ಸಾಮ್ರಾಜ್ಯದ ಕೆಲಸ ಮುಗಿಸಿ ಮನೆಗೆ ಹೋದೆ. ಸಂಜೆ ಚಪರಾಸಿ, ಹದಿನೈದು ವರ್ಷದಿಂದ ದಿನಾ ಮಾಡುತ್ತಿದ್ದಂತೆ, ನಕಾಶೆಯನ್ನು ನಟ್ಟನಡುವೆ ಮಡಚಿ ಕಪಾಟಿನಲ್ಲಿಟ್ಟ.

ಸೋಮವಾರ ಸಾಹೇಬರು ಬಂದರು; ಸಂತ್ರೆ ಹಣ್ಣು ತಿಂದರು; ಬೆತ್ತ ಹಿಡಿದು, ಹೆಡ್‌ಮಾಸ್ತರರೊಡನೆ ನನ್ನ ಕ್ಲಾಸಿಗೇ ಬಂದು ಕುಳಿತರು. "ಈ ಗಡಿ ಜಗಳಕ್ಕೆ ಕಾರಣ ಏನು ಅಂತ ಹುಡುಗರಿಗೆ ಹೇಳಿ ನೋಡೋಣ" ಎಂದರು. ಹೆಂಡತಿಯನ್ನು ನೆನೆದೆ. ತಂದೆಯನ್ನೂ ನೆನೆದೆ. ಹೇಳಿದೆ.

ಬಿಳಿ ಸಾಹೇಬರು ರಷ್ಯದ ಭಯ ಹೆಚ್ಚಾದಾಗ ಒಂದು ಗೆರೆ, ಕಡಿಮೆಯಾದಾಗ ಇನ್ನೊಂದು ಗೆರೆ ಎಳೆದರು. ಎದುರಿನವರನ್ನು ಕರೆದುಕೊಂಡು ನಡೆದು ನೋಡಲಿಲ್ಲ. ಅವರು ಹೋದ ಮೇಲೆ ಕುರ್ಚಿ ಕಪಾಟುಗಳ ಜೊತೆ ಗೆರೆಗಳೂ ನಮ್ಮ ಪಾಲಿಗೆ ಬಂದವು. ಆ ಕಡೆ ಹೊಸ ಸರಕಾರ, ಈ ಕಡೆ ಹೊಸ ಸರಕಾರ. ಹಳಬರು ಮೋಸಹೋದರು, ನಾವು ಹೋಗಲಾರೆವು ಎಂಬ ಹಟ ಇಬ್ಬರಿಗೂ. ಚೀನದವರಿಗೆ ಟಿಬೆಟ್ಟಿಗೆ ರಸ್ತೆ ಬೇಕು, ಅದನ್ನು ನಮ್ಮನ್ನು ಕೇಳದೆ ಮಾಡಿಕೊಂಡರು. ನಮಗೆ ಮಾನ ಬೇಕು, ಅದನ್ನು ಪಾರ್ಲಿಮೆಂಟಿನಲ್ಲಿ ಗಟ್ಟಿಯಾಗಿ ಹೇಳಿಬಿಟ್ಟೆವು. ಗಟ್ಟಿಯಾಗಿ ಹೇಳಿದ್ದನ್ನು ಮೆಲ್ಲಗೆ ಹಿಂತೆಗೆದುಕೊಳ್ಳುವ ವಿದ್ಯೆ ಯಾವ ಸರಕಾರಕ್ಕೂ ಬರುವುದಿಲ್ಲ. ನಮ್ಮ ಹಕ್ಕು ಬಲವಾದದ್ದೇ ಇರಬಹುದು. ಆದರೆ ಹಕ್ಕು ಬೇರೆ, ಇಬ್ಬರೂ ಒಪ್ಪಿದ ಗಡಿ ಬೇರೆ.

ಸಾಹೇಬರು ಎದ್ದು ನಕಾಶೆಯ ಬಳಿ ಹೋದರು. ಬೆತ್ತ ಲಡಾಖಿನ ಮೇಲೆ ಒಂದು ಕ್ಷಣ ನಿಂತು, ನೇರ ಕೆಳಗಿಳಿದು ಸಿಂಹಳಕ್ಕೆ ಬಂತು.

"ಇದೇನು?"

ಅಲ್ಲಿ, ಅರ್ಧ ಸಮುದ್ರದಲ್ಲಿ ಅರ್ಧ ನೆಲದ ಮೇಲೆ, ಒಂದು ಕೆಂಪು ಗೆರೆ ಇತ್ತು. ನೋಡಿದ ಕೂಡಲೇ ನನಗೆ ತಿಳಿಯಿತು. ಹೆಡ್‌ಮಾಸ್ತರರಿಗೆ ತಿಳಿಯಲಿಲ್ಲ; ಆದರೆ ಉತ್ತರ ಅವರೇ ಕೊಟ್ಟರು.

"ಹಡಗಿನ ಮಾರ್ಗ, ಸಾಹೇಬ."

"ನೆಲದ ಮೇಲೆ ಹತ್ತಿದೆಯಲ್ಲ?"

"ಅದು... ಪ್ರಾಚೀನ ಮಾರ್ಗ."

ಸಾಹೇಬರಿಗೂ ಸ್ಥಾನಮಾನ ಇತ್ತು. ಪ್ರಾಚೀನವಾದದ್ದು ತಮಗೆ ಗೊತ್ತಿಲ್ಲವೆಂದು ನಲವತ್ತು ಹುಡುಗರ ಮುಂದೆ ಹೇಗೆ ಹೇಳುವುದು? "ಹಾಂ, ಬರೋಬರ್. ಪ್ರಾಚೀನ" ಎಂದು ಪುಸ್ತಕದಲ್ಲಿ ಬರೆದುಕೊಂಡರು.

ಎರಡು ನಿಮಿಷದಲ್ಲಿ ಆ ಗೆರೆಗೆ ಹೆಸರು ಬಂತು, ಇತಿಹಾಸ ಬಂತು, ಸರಕಾರಿ ದಾಖಲೆಯೂ ಬಂತು. ಅದನ್ನು ಕಾಯಲು ಸಿಪಾಯಿಯನ್ನು ಕಳಿಸುವುದೊಂದೇ ಬಾಕಿ. ಸುಮ್ಮನಿದ್ದರೆ ನಾನು ಪರ್ಮನೆಂಟ್.

"ಸಾಹೇಬ, ಅದು ಮಾರ್ಗ ಅಲ್ಲ" ಎಂದೆ. "ಮೇಲಿನ ಗೆರೆ ನಾನೇ ಶನಿವಾರ ಎಳೆದದ್ದು. ಒಣಗುವ ತನಕ ಕಾಯಲಿಲ್ಲ, ಚಪರಾಸಿಗೂ ಹೇಳಲಿಲ್ಲ, ತಪ್ಪು ನನ್ನದು. ಈ ನಕಾಶೆಯ ಮಡಿಕೆ ಸರಿಯಾಗಿ ನಾಗಪುರದ ಮೇಲೆ ಬರ್ತದೆ. ಮಡಚಿದರೆ ಲಡಾಖ್ ಹೋಗಿ ಸಿಂಹಳದ ಮೇಲೆ ಕೂಡ್ತದೆ." ಅಲ್ಲಿಗೇ ನಿಲ್ಲಿಸಬಹುದಿತ್ತು. "ತಾವು ಕಾರಣ ಕೇಳಿದ್ರಿ. ಹಸಿ ಗೆರೆ ಎಳೆಯುವವನೊಬ್ಬ, ಮರ್ಯಾದೆಗಾಗಿ ಅದಕ್ಕೆ ಹೆಸರಿಡುವವನೊಬ್ಬ, ಬರೆದುಕೊಳ್ಳುವವನೊಬ್ಬ. ಇಷ್ಟೇ ಸಾಕಾಗ್ತದೆ."

ಹೆಡ್‌ಮಾಸ್ತರರ ಟೊಪ್ಪಿಗೆ ಸ್ವಲ್ಪ ಅಲ್ಲಾಡಿತು.

ವಾರದ ಮೇಲೆ ವರದಿ ಬಂತು: ವಿಷಯಜ್ಞಾನ ಉತ್ತಮ, ವಿನಯ ಸಾಲದು, ಇನ್ನೊಂದು ವರ್ಷ ನೋಡಬಹುದು.

ಹೆಂಡತಿ ಓದಿ ಮಡಚಿಟ್ಟಳು. "ಸಿಂಹಳದವರಿಂದ ಉಪಕಾರದ ಪತ್ರ ಏನರೆ ಬಂತೇನ್ರಿ?" ಎಂದಳು. ಇಲ್ಲವೆಂದೆ. "ಬರ್ತದ ಬಿಡ್ರಿ. ದೂರದ ದೇಶ" ಎಂದು ಬೇಳೆ ಬೇಯಿಸಲು ಹೋದಳು.

ಮರುದಿನ ಚಪರಾಸಿ ಟರ್ಪೆಂಟೈನ್ ತಂದ. ಇಬ್ಬರೂ ಒಂದೊಂದು ತುದಿ ಹಿಡಿದುಕೊಂಡು ಸಿಂಹಳವನ್ನು ಉಜ್ಜಿ ಬಿಡುಗಡೆ ಮಾಡಿದೆವು. ಸ್ವಲ್ಪ ಗುಲಾಬಿ ಕಲೆ ಉಳಿಯಿತು. ಮೇಲಿನ ಗೆರೆಯನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಅದು ಒಣಗಿತ್ತು.

ಏಪ್ರಿಲಿನಲ್ಲಿ ವಾಡಿಕೆಯಂತೆ ಸತ್ತೆ, ಜೂನಿನಲ್ಲಿ ಹುಟ್ಟಿದೆ. ಮೊದಲ ದಿನವೇ ಆ ನಕಾಶೆ ತರಿಸಿ, ಅದೇ ಕಾರಣಗಳನ್ನು ಅದೇ ಕ್ರಮದಲ್ಲಿ ಹೇಳಿದೆ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಗುಲಾಬಿ ಕಲೆಗೆ ಬಂದಾಗ ನಾನು ದನಿ ತಗ್ಗಿಸಲಿಲ್ಲ.