ಆರನೆಯ ಟ್ರ್ಯಾಕಿನ ದನಿ

ಶಕುನ, ದೆವ್ವ, ಸಾವಿನ ಸೂಚನೆ ಇಂಥ ಮಾತು ಶುರುವಾದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದವಳು ನಾನು. ಹಲ್ಲಿ ಲೊಚಗುಟ್ಟಿದರೆ ನಮ್ಮತ್ತೆ ನೆಲ ಕುಟ್ಟುತ್ತಿದ್ದರು. ನನಗೆ ನಗು ಬರುತ್ತಿತ್ತು. ಈಗಲೂ ಅದನ್ನೆಲ್ಲ ನಂಬುತ್ತೇನೆ ಎನ್ನಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ಓದಿದ ಮೇಲೆ ನಿಮಗೆ ಬೇರೆ ಏನಾದರೂ ಕಾರಣ ಹೊಳೆದರೆ ನನಗದು ಸಮಾಧಾನವೇ.

ಹದಿನೈದು ವರ್ಷಗಳ ಹಿಂದಿನ ಮಾತು. ದಾವಣಗೆರೆಯಿಂದ ಬಂದು ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ಮನೆ ಮಾಡಿಕೊಂಡಿದ್ದೆವು. ನನ್ನ ಗಂಡನಿಗೆ ಅಲ್ಲೇ ಒಂದು ಕಂಪನಿಯಲ್ಲಿ ಕೆಲಸ. ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೆ. ಹಿಂದಿನ ಸಣ್ಣ ಕೋಣೆಯ ಗೋಡೆಗಳಿಗೆ ಹಳೆಯ ಕೌದಿ ಹೊಡೆದು ಅದನ್ನೇ ಸ್ಟುಡಿಯೋ ಎನ್ನುತ್ತಿದ್ದೆ. ಆಗಲೇ ಎಲ್ಲರೂ ಕಂಪ್ಯೂಟರಿನಲ್ಲೇ ಹಾಡು ಮುದ್ರಿಸುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಬೇರೆಯವರಿಂದ ಕೊಂಡ ಹಳೆಯ ಡಿಜಿಟಲ್ ರೆಕಾರ್ಡರ್. ಎಂಟು ಟ್ರ್ಯಾಕಿನದು. ಅಂದರೆ ಎಂಟು ದನಿಗಳನ್ನು ಬೇರೆ ಬೇರೆ ಹಿಡಿದಿಟ್ಟು, ಬೇಕಾದಾಗ ಒಟ್ಟಿಗೆ ಕೇಳಿಸುವಂಥದ್ದು. ತಂದ ದಿನವೇ ಹಿಂದಿನವರ ಹಾಡುಗಳನ್ನೆಲ್ಲ ಕೂತು ಅಳಿಸಿದ್ದೆ.

ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಶರಣಮ್ಮ ಯಾದಗಿರಿ ಕಡೆಯವಳು. ಗಂಡ ಸಾಬಣ್ಣ, ಕಬ್ಬಿಣದ ಸಾಮಾನಿಗೆ ಬಣ್ಣ ಹೊಡೆಯುವ ಫ್ಯಾಕ್ಟರಿಯೊಂದರಲ್ಲಿ ಹೆಲ್ಪರ್. ಅವರ ಪಕ್ಕದ ಬಾಡಿಗೆ ರೂಮಿನಲ್ಲಿ ಅವರೂರಿನವನೇ ಆದ ಹಣಮಂತ ಇದ್ದ. ಅವನೂ ಅದೇ ಫ್ಯಾಕ್ಟರಿಯಲ್ಲಿದ್ದ. ಇಬ್ಬರು ಗಂಡಸರನ್ನೂ ನಾನು ನೋಡಿರಲಿಲ್ಲ.

ಶರಣಮ್ಮ ನೆಲ ಒರೆಸುತ್ತ ಬೀಸುವ ಪದ ಹಾಡುತ್ತಿದ್ದಳು. ಅಂಥ ಕಂಠ ನನ್ನ ಯಾವ ಶಿಷ್ಯರಿಗೂ ಇರಲಿಲ್ಲ. ಒಂದು ಮಧ್ಯಾಹ್ನ ಒತ್ತಾಯ ಮಾಡಿ ಮೈಕಿನ ಮುಂದೆ ಕೂರಿಸಿದೆ. ಒಂದನೆಯ ಟ್ರ್ಯಾಕಿನಲ್ಲಿ ಅವಳ ದನಿ, ಎರಡನೆಯದರಲ್ಲಿ ತಂಬೂರಿ. ಉಳಿದ ಆರೂ ಖಾಲಿ. ನಾಚಿಕೊಂಡೇ ಶುರು ಮಾಡಿದವಳು ಆಮೇಲೆ ಕಣ್ಣು ಮುಚ್ಚಿ ಚೆನ್ನಾಗಿ ಹಾಡಿದಳು.

ಹಾಡು ಕೇಳಲು ಇಬ್ಬರೂ ಹೆಡ್‌ಫೋನ್ ಹಾಕಿಕೊಂಡೆವು. ಅರ್ಧ ಆಗುವಾಗ ಆರನೆಯ ಟ್ರ್ಯಾಕಿನ ದೀಪ ಮಿನುಗುವುದು ಕಂಡಿತು. ಅಲ್ಲಿ ನಾನು ಏನನ್ನೂ ಮುದ್ರಿಸಿರಲಿಲ್ಲ. ಉಳಿದವನ್ನೆಲ್ಲ ನಿಲ್ಲಿಸಿ ಅದೊಂದನ್ನೇ ಜೋರು ಮಾಡಿದೆ. ಮೊದಲು ದಪ್ಪ ತಗಡನ್ನು ಗುದ್ದಿದಂಥ ಸದ್ದು. ಆಮೇಲೆ ಯಾರೋ ಏದುಸಿರು ಬಿಡುವುದು. ಆಮೇಲೆ ಗಂಡಸಿನ ದನಿ: “ಯಾರರ ಅದೀರೇನು? ಬಾಗಲಾ ತಗೀರೋ.” ಮೂರು ಸಲ ಬಂತು. ಮೂರನೆಯದು ಪೂರ್ತಿಯಾಗಲಿಲ್ಲ.

ಶರಣಮ್ಮ ಹೆಡ್‌ಫೋನ್ ಕಿತ್ತು ಕೆಳಗಿಟ್ಟಳು. “ಅಕ್ಕಾರೆ, ಇದು ನಮ್ಮ ಮನಿಯವರ ದನಿ ಅದರಿ,” ಎಂದಳು.

ಹಳೆಯದೇನೋ ಅಳಿಸದೆ ಉಳಿದಿರಬೇಕು ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ, ಚಪ್ಪಲಿಯನ್ನೂ ಹಾಕದೆ ಫ್ಯಾಕ್ಟರಿಗೆ ಓಡಿದಳು. ಸಾಬಣ್ಣ ಗೇಟಿನ ಹತ್ತಿರ ನಾಲ್ಕು ಜನರ ಜೊತೆ ಬುತ್ತಿ ಉಣ್ಣುತ್ತ ಕೂತಿದ್ದನಂತೆ. ಎಲ್ಲರ ಎದುರಿಗೆ ಅತ್ತಿದ್ದಕ್ಕೆ ಬೈದು ಕಳಿಸಿದ. ಅವಳು ತಿರುಗಿ ಬಂದಾಗ ಮುಖದ ಹೆದರಿಕೆ ಇನ್ನೂ ಹಾಗೇ ಇತ್ತು.

“ನೀವು ಓದಿದವ್ರು, ನೀವರ ಹೇಳ್ರಿ. ನಾಳಿಗಿ ಕೆಲಸಕ್ಕ ಕಳಸ್ಲೋ ಬ್ಯಾಡೋ?” ಎಂದು ಕೇಳಿದಳು.

“ನಿನ್ನ ಮನಸ್ಸಿಗೆ ಸಮಾಧಾನ ಆಗೋದಾದ್ರೆ ಒಂದಿನ ಮನೇಲಿ ಇಟ್ಕೋ ಬಿಡು,” ಎಂದೆ. ಮಕ್ಕಳನ್ನು ರಮಿಸುವಷ್ಟು ಹಗುರವಾಗಿ ಹೇಳಿದ ಮಾತು ಅದು.

ಮರುದಿನ ಸಾಬಣ್ಣ ಹೋಗಲಿಲ್ಲ. ಬಣ್ಣ ಹೊಡೆದ ಸಾಮಾನು ಒಣಗಿಸುವ ಕೋಣೆಯನ್ನು ಬಣ್ಣ ಕರಗಿಸುವ ಥಿನ್ನರ್ ಹಾಕಿ ತೊಳೆಯುವ ಪಾಳಿ ಅವತ್ತು ಅವನದಿತ್ತು. ಅವನಿಲ್ಲದ್ದರಿಂದ ಹಣಮಂತನನ್ನು ಒಳಗೆ ಕಳಿಸಿದರು. ಕಬ್ಬಿಣದ ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಅದರ ಚಿಲಕ ಹೊರಗಡೆ ಮಾತ್ರ. ಮಷೀನುಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಊಟದ ಹೊತ್ತಿಗೆ ಬರಲಿಲ್ಲವೆಂದು ಹುಡುಕಿ ಬಾಗಿಲು ತೆಗೆದಾಗ ಅವನು ಅದರ ಬುಡದಲ್ಲೇ ಬಿದ್ದಿದ್ದನಂತೆ. ಥಿನ್ನರ್ ವಾಸನೆಗೆ ಉಸಿರುಗಟ್ಟಿ ಜೀವ ಹೋಗಿತ್ತು ಎಂದರು.

ಹೆಣದ ಜೊತೆ ಊರಿಗೆ ಹೋದ ಗಂಡ ಹೆಂಡತಿ ತಿಂಗಳ ಮೇಲೆ ಬಂದರು. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ನಮ್ಮ ಬಾಗಿಲಲ್ಲಿ ನಿಂತಿದ್ದರು. ಸಾಬಣ್ಣನನ್ನು ನಾನು ನೋಡಿದ್ದು ಅದೇ ಮೊದಲು. ಆ ದನಿಯನ್ನು ತಾನೂ ಒಮ್ಮೆ ಕೇಳಬೇಕು ಎಂದ. ಆ ಮಧ್ಯಾಹ್ನದ ಮೇಲೆ ನಾನು ಆ ಯಂತ್ರವನ್ನು ಮುಟ್ಟಿರಲಿಲ್ಲ. ಒಂದು ಹೆಡ್‌ಫೋನ್ ಅವನಿಗೆ ಕೊಟ್ಟು, ಇನ್ನೊಂದನ್ನು ನಾನು ಹಾಕಿಕೊಂಡು ಹಚ್ಚಿದೆ. ಅವನು ಪೂರ್ತಿ ಕೇಳಿದ.

“ಇದು ಹಣಮಂತನ ದನಿ ಅದರಿ,” ಎಂದ.

ಶರಣಮ್ಮ ಅವನ ಹೆಡ್‌ಫೋನ್ ಕಸಿದುಕೊಂಡು ಕೇಳಿದಳು. ಅದನ್ನು ತೆಗೆದಿಟ್ಟು, “ಹೌದರಿ, ಅವನೇ. ಆವತ್ತು ಈ ದನಿ ಇರಲಿಲ್ರಿ ಅಕ್ಕಾರೆ,” ಎಂದಳು.

ಸಾಬಣ್ಣ ಅವಳ ಕಡೆ ನೋಡಲಿಲ್ಲ. ನನ್ನನ್ನೇ ಕೇಳಿದ: “ನಾ ಹೋಗಿದ್ರ ಅವ ಉಳೀತಿದ್ದನೇನ್ರಿ?”

ನಾನು ಚಹಾ ಮಾಡುತ್ತೇನೆಂದು ಎದ್ದು ಹೋದೆ. ಬರುವಷ್ಟರಲ್ಲಿ ಇಬ್ಬರೂ ಹೋಗಿದ್ದರು. ಆಮೇಲೆ ಶರಣಮ್ಮ ಕೆಲಸಕ್ಕೆ ಬರಲಿಲ್ಲ. ಮಾದನಾಯಕನಹಳ್ಳಿ ಕಡೆ ಗೋಡೌನ್ ಕೆಲಸಕ್ಕೆ ಹೋದರೆಂದು ಯಾರೋ ಹೇಳಿದರು.

ನನ್ನ ಕಿವಿಗೆ ಎರಡು ಸಲವೂ ಕೇಳಿದ್ದು ಒಂದೇ ದನಿ. ಆದರೆ ಮೊದಲ ಸಲ ಕೇಳುವಾಗ ಆ ಇಬ್ಬರಲ್ಲಿ ಯಾರ ದನಿಯನ್ನೂ ನಾನು ಕೇಳಿದವಳಲ್ಲ. ಹೆದರಿದವರಿಗೆ ತಮ್ಮವರ ದನಿಯೇ ಕೇಳಿಸುತ್ತದೆ, ಅಷ್ಟೇ ಇದ್ದೀತು ಎನ್ನುತ್ತಾರೆ ನನ್ನವರು. ಯಂತ್ರ ಮಾರಿದವನಿಗೆ ಫೋನ್ ಮಾಡಿದ್ದೆ. ತಾನು ಅದರಲ್ಲಿ ಕೀಬೋರ್ಡ್ ಬಿಟ್ಟು ಬೇರೇನೂ ಮುದ್ರಿಸಿಲ್ಲ ಎಂದ. ಅವನ ಮಾತನ್ನು ಎಷ್ಟು ನಂಬಬೇಕೋ ಅದೂ ತಿಳಿಯದು.

ಅಳಿಸಲು ಹಲವು ಸಲ ಹೊರಟಿದ್ದೇನೆ, ಕೈ ಬಂದಿಲ್ಲ. ಯಂತ್ರ ಈಗಲೂ ಅಟ್ಟದ ಮೇಲಿದೆ, ಸರಿಯಾಗಿಯೇ ಇರಬೇಕು. ಮತ್ತೊಮ್ಮೆ ಕೇಳಿ ನೋಡಿ, ಗೊತ್ತಾಗಿಬಿಡುತ್ತದೆ ಎಂದು ಈ ಕಥೆ ಕೇಳಿದವರೆಲ್ಲ ಹೇಳುತ್ತಾರೆ. ಆದರೆ ಮೂರನೆಯ ಸಲ ಹಚ್ಚಿದಾಗ ಅಲ್ಲಿ ನನಗೆ ಗುರುತಿರುವ ದನಿ ಕೇಳಿಸಿದರೆ?