ಕರಟದೊಳಗಿನ ಮೀನು

ನಮ್ಮ ಅಕ್ವೇರಿಯಂನಲ್ಲಿರುವ ಕಂದು ಮೀನು ಯಾವ ಜಾತಿಯದೆಂದು ಐದು ತಿಂಗಳು ನನಗೆ ತಿಳಿಯಲಿಲ್ಲ. ತಿಳಿದದ್ದು ಒಂದು ಭಾನುವಾರ ಬೆಳಿಗ್ಗೆ, ಬಚ್ಚಲಮನೆಯ ಒಲೆಯ ಮುಂದೆ. ಆ ಬೆಳಗಿನ ಬಹಳಷ್ಟು ಸಂಗತಿಗಳು ನನಗೆ ನೆನಪಿವೆ. ಒಂದೇ ಒಂದು ನೆನಪಿಲ್ಲ, ಅದೇ ಮುಖ್ಯವಾದದ್ದು.

ಮೀನನ್ನು ತಿಪಟೂರಿನ ಅಂಗಡಿಯಲ್ಲಿ ಕೊಂಡಿದ್ದೆ. ಹೆಬ್ಬೆರಳಿನಷ್ಟಿತ್ತು. ಬಾಯಿ ಹೊಟ್ಟೆಯ ಕಡೆಗಿತ್ತು, ಅದರಿಂದಲೇ ಗಾಜಿಗೆ ಅಂಟಿಕೊಂಡಿತ್ತು. ಹೆಸರು ಕೇಳಿದೆ.

“ಟ್ಯಾಂಕ್ ಕ್ಲೀನರ್ ಕಣ್ರೀ. ಪಾಚಿ ತಿನ್ಕಂಡು ಬಿದ್ದಿರ್ತೈತೆ. ಊಟ ಹಾಕೋದೇ ಬ್ಯಾಡ,” ಎಂದ ಅಂಗಡಿಯವನು.

ಅದು ಮಾಡುವ ಕೆಲಸವೇ ಹೊರತು ಹೆಸರಲ್ಲ ಎನ್ನಿಸಿತು. ಊಟ ಬೇಡವೆಂಬ ಮಾತೂ ಸುಳ್ಳು. ಪಾಚಿ ಮುಗಿದ ಮೇಲೆ ಅದರ ಹೊಟ್ಟೆ ಒಳಕ್ಕೆ ಹೋಯಿತು, ಬೇಯಿಸಿದ ಸೌತೆಕಾಯಿ ಹೋಳು ಹಾಕಿದ ಮೇಲೆ ಚೇತರಿಸಿಕೊಂಡಿತು. ಫೋನಿನಲ್ಲಿ ಹುಡುಕಿ ಅದು ಪ್ಲೆಕೊ ಎಂದು ತಿಳಿದುಕೊಂಡೆ. ಆದರೆ ಪ್ಲೆಕೊಗಳಲ್ಲಿ ಲೆಕ್ಕವಿಲ್ಲದಷ್ಟು ಬಗೆಗಳಿದ್ದವು. ನನ್ನದು ಎರಡರಲ್ಲಿ ಒಂದಿರಬೇಕೆಂದುಕೊಂಡೆ. ಒಂದು ಜಾತಿ ಅಂಗೈಯುದ್ದಕ್ಕೆ ನಿಲ್ಲುತ್ತದೆ, ಗಂಡಿನ ಮೂತಿಯ ಮೇಲೆ ಕವಲು ಮೀಸೆ ಬರುತ್ತದೆ. ಇನ್ನೊಂದು ಒಂದಡಿ ದಾಟುತ್ತದೆ, ಅದರ ಬೆನ್ನಿನ ರೆಕ್ಕೆಯಲ್ಲಿ ಹತ್ತಕ್ಕಿಂತ ಹೆಚ್ಚು ಕಡ್ಡಿಗಳಿರುತ್ತವೆ. ನಮ್ಮದು ರೆಕ್ಕೆಯನ್ನು ಯಾವಾಗಲೂ ಮಡಿಚಿಕೊಂಡಿರುತ್ತಿತ್ತು. ಮೀಸೆ ಇರಲಿಲ್ಲ. ಚಿಕ್ಕದೋ, ಹೆಣ್ಣೋ, ಬೇರೆ ಜಾತಿಯೋ, ಏನೂ ಹೇಳುವಂತಿರಲಿಲ್ಲ.

“ಮೀಸೆ ಬರೋಗಂಟ ಕಾಯ್ತೀಯೇನೇ? ಆಮೇಲೆ ಹೆಣ್ಣು ಹುಡುಕ್ತೀಯಾ?” ಎಂದು ನಮ್ಮತ್ತೆ ನಗುತ್ತಿದ್ದರು.

ಮೀನು ಹಗಲೆಲ್ಲ ಮೂಲೆ ಹುಡುಕುವುದನ್ನು ಕಂಡು, ಅರ್ಧ ಕರಟ ತಂದುಕೊಟ್ಟವರೂ ಅವರೇ. ಶೆಟ್ಟಿಕೆರೆಯ ಕಡೆಯ ನಮ್ಮ ಮನೆಯಲ್ಲಿ ಕರಟಕ್ಕೆ ಬರವಿಲ್ಲ. ಅಟ್ಟದ ಮೇಲೆ ವರ್ಷ ಒಣಗಿದ ಕಾಯಿ ಒಡೆದು ಕೊಬ್ಬರಿ ತೆಗೆದ ಮೇಲೆ ಉಳಿದ ಕರಟವೆಲ್ಲ ಬಚ್ಚಲ ಒಲೆಗೆ. ಆ ಕರಟದ ಒಳಗೆ ಮೀನು ತಲೆಕೆಳಗಾಗಿ ಅಂಟಿಕೊಂಡರೆ ಯಾವುದು ಕರಟ, ಯಾವುದು ಮೀನು ಎಂದು ಬಗ್ಗಿ ನೋಡಬೇಕಿತ್ತು. ಎರಡರದೂ ಒಂದೇ ಬಣ್ಣ.

ಆ ಭಾನುವಾರ ನೀರು ಬದಲಾಯಿಸಿದೆ. ಅದರ ಜೊತೆಗಿದ್ದ ಎರಡು ಗೋಲ್ಡ್ ಫಿಶ್‌ಗಳನ್ನು ಬಕೆಟ್ಟಿಗೆ ಹಾಕಿದೆ. ಕಲ್ಲುಗಳನ್ನು ಬಚ್ಚಲಿಗೆ ಒಯ್ದು ತೊಳೆದೆ. ಕರಟವನ್ನೂ ಒಯ್ದೆ, ಒಲೆಯ ಪಕ್ಕದ ಕಟ್ಟೆಯ ಮೇಲೆ ಬೋರಲು ಇಟ್ಟೆ. ಇಷ್ಟು ಖಚಿತ. ಇಡುವ ಮೊದಲು ಒಳಗೆ ನೋಡಿದೆನೇ? ನೆನಪಿಲ್ಲ. ಕಟ್ಟೆಯ ಕೆಳಗೇ ಉರುವಲಿನ ಕುಕ್ಕೆ ಇತ್ತು.

ಹೊಸ ನೀರು ತುಂಬಿದಾಗ ಪ್ಲೆಕೊ ಇರಲಿಲ್ಲ. ಬಕೆಟ್ಟಿನಲ್ಲೂ ಇಲ್ಲ. ಹಾರಿರಬೇಕೆಂದು ಮಂಚದ ಕೆಳಗೆ, ಬೀರುವಿನ ಹಿಂದೆ, ಕಾಲೊರೆಸುವ ಬಟ್ಟೆಯ ಅಡಿ ಹುಡುಕಿದೆ. ಕರಟದ ಯೋಚನೆ ಬರಲೇ ಇಲ್ಲ. ಯಾಕೆ ಬರಲಿಲ್ಲವೆಂದು ಇವತ್ತಿಗೂ ಅರ್ಥವಾಗಿಲ್ಲ.

ಅತ್ತೆ ಒಲೆಯ ಮುಂದೆ ಕೂತು ಕುಕ್ಕೆಯಿಂದ ಒಂದೊಂದೇ ಕರಟ ತೆಗೆದು ಒಳಗೆ ತಳ್ಳುತ್ತಿದ್ದರು. ನಮ್ಮ ಕಡೆ ಒಣಗಿದ ಕಾಯಿ ಕೈಗೆ ಬಂದರೆ ಕಿವಿಯ ಹತ್ತಿರ ಕುಲುಕಿ ನೋಡುತ್ತಾರೆ. ಒಳಗಿನ ಕೊಬ್ಬರಿ ಬಿಟ್ಟುಕೊಂಡಿದ್ದರೆ ಗಡಗಡ ಎನ್ನುತ್ತದೆ. ಅತ್ತೆಯ ಕೈಗೆ ಆ ಅಭ್ಯಾಸ ಎಷ್ಟೆಂದರೆ, ತುಸು ಭಾರವೆನಿಸಿದ ಅರ್ಧ ಕರಟವನ್ನೂ ಕುಲುಕಿಬಿಟ್ಟರು. ಗಡಗಡ ಎನ್ನಲಿಲ್ಲ. ಕಿರ್ ಕಿರ್ ಎಂದಿತು.

“ಇಲ್ ಬಾರೇ. ಒದ್ದೆ ಕರಟ ಯಾಕ್ ಬಂತಿಲ್ಲಿ? ಒಳಗೇನೋ ಐತೆ.”

ನಾನು ಓಡಿದೆ. ಅವರು ಕರಟವನ್ನು ಬೆಳಕಿಗೆ ತಿರುಗಿಸಿದರು. ಮೀನು ಅಲ್ಲೇ ಅಂಟಿಕೊಂಡಿತ್ತು. ಹೆದರಿಕೆಗೆ ರೆಕ್ಕೆಗಳನ್ನೆಲ್ಲ ಸೆಟೆಸಿತ್ತು. ಐದು ತಿಂಗಳಿಂದ ಕಾಣದಿದ್ದ ಬೆನ್ನಿನ ರೆಕ್ಕೆ ಎದ್ದು ನಿಂತಿತ್ತು, ಪೂರ್ತಿ ಬಿಚ್ಚಿಕೊಂಡು. ನಾನು ಕಡ್ಡಿ ಎಣಿಸಿದೆ. ಹನ್ನೊಂದು. ತಪ್ಪಿತೇನೋ ಎಂದು ಮೊದಲಿಂದ ಎಣಿಸಿದೆ. ಹನ್ನೆರಡು.

“ಎಣಿಸ್ತಾ ನಿಂತ್ಕಂಡ್ಯಲ್ಲೇ. ನೀರಿಗ್ ಬುಡು ಮೊದ್ಲು,” ಎಂದರು ಅತ್ತೆ.

ಆಗ ಕರಟ ಕಿತ್ತುಕೊಂಡು ನೀರಿಗೆ ಹಾಕಿದೆ. ಮೀನು ತಳಕ್ಕೆ ಹೋಗಿ ಓರೆಯಾಗಿ ಬಿದ್ದುಕೊಂಡಿತು. ಕಿವಿರು ಆಡುತ್ತಿದೆಯೋ ನೀರು ಆಡುತ್ತಿದೆಯೋ ತಿಳಿಯಲಿಲ್ಲ. ನಾವಿಬ್ಬರೂ ಗಾಜಿನ ಮುಂದೆ ಕೂತೆವು. ಹಂಡೆಯ ನೀರು ಕುದಿದು ಕುದಿದು ಒಲೆ ತಾನಾಗಿ ಆರಿತು. ಸ್ನಾನ ಯಾರೂ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೀನು ನೆಟ್ಟಗಾಗಿ ಗಾಜಿಗೆ ಬಾಯಿ ಹಚ್ಚಿತು.

“ಕುಕ್ಕೆಗೆ ಹಾಕ್ದೋರು ಯಾರತ್ತೆ?” ಎಂದು ಕೇಳಿದೆ.

“ನಾನಂತೂ ಕಟ್ಟೆ ಮ್ಯಾಗಿಂದ ಏನೂ ತಕ್ಕಂಡಿಲ್ಲ ಕಣೇ,” ಎಂದರು. ತಮ್ಮ ಅಂಗೈ ನೋಡಿಕೊಂಡು, “ತಕ್ಕಂಡಿದ್ರೂ ಇರ್ಬೋದು. ಕೈ ಅದ್ರ ಪಾಡಿಗ್ ಅದು ಮಾಡ್ತೈತೆ,” ಎಂದರು.

ನನ್ನ ಕೈಯೇ ಹಾಕಿದ್ದರೂ ಇರಬಹುದು.

ಹನ್ನೊಂದಾದರೂ ಹನ್ನೆರಡಾದರೂ ಅದು ಬೆಳೆಯುವ ಜಾತಿಯೇ. ಗಾಜಿನ ಪೆಟ್ಟಿಗೆ ಸಾಲುವುದಿಲ್ಲ. ಕೆರೆಗೆ ಬಿಟ್ಟರೆ ಅಲ್ಲಿನ ಮೀನುಗಳಿಗೆ ಕಂಟಕ, ಏರಿಯಲ್ಲಿ ಬಿಲ ತೋಡುತ್ತದೆ ಎಂದು ಓದಿದ್ದೆ. ಅತ್ತೆಗೆ ಹೇಳಿದೆ. ಅವರು ಕೊಟ್ಟಿಗೆಯ ಹಿಂದಿನ ಹಳೆಯ ಸಿಮೆಂಟ್ ತೊಟ್ಟಿಯನ್ನು ಮೀನಿಗೆಂದು ತೊಳೆಯತೊಡಗಿದರು. ಮೀನು ಅಡಗಲು ಕರಟದ ಬದಲು ಒಡೆದ ಮಡಕೆಯ ತುಂಡು ಇಟ್ಟಿದ್ದೇವೆ.

ಈಗಲೂ ನೀರು ಕಾಯಿಸುವಾಗ ಪ್ರತಿ ಕರಟವನ್ನೂ ಬೆಳಕಿಗೆ ಹಿಡಿದು ಒಳಗೆ ನೋಡುತ್ತೇನೆ. ಅತ್ತೆ ನಗುವುದಿಲ್ಲ. ಅವರೂ ನೋಡುತ್ತಾರೆ.